ನಳ ಬರುವ ದಿನ ಕೇಳಿಕೊಂಡು ಮನೆ ಹಿಡಿಯಿರಿ

ಮೈಸೂರಿನಿಂದ ಕಲಬುರಗಿಗೆ ವರ್ಗ ಆಗಿದೆ, ಅಲ್ಲಿ ಅಕ್ಕಪಕ್ಕದವರ ಜಗಳ ಜಾಸ್ತಿ ಅಂತ ಆಫೀಸಿನವರು ಹೆದರಿಸುತ್ತಿದ್ದಾರೆ, ನಿಜವಾ, ಬಾಡಿಗೆ ಮನೆ ಹಿಡಿಯುವಾಗ ಏನು ನೋಡಬೇಕು ಅಂತ ಕೇಳಿದ್ದೀರಿ. ವಾಷಿಂಗ್ ಮೆಷಿನ್ ತರಬೇಕೋ, ಅಲ್ಲೇ ಮಾರಿ ಬರಬೇಕೋ ಅಂತಲೂ ಕೇಳಿದ್ದೀರಿ. ಅದಕ್ಕೆ ಕೊನೆಯಲ್ಲಿ ಬರುತ್ತೇನೆ.

ಜಗಳ ಇರುವುದು ನಿಜ. ಸುಳ್ಳು ಯಾಕೆ ಹೇಳಲಿ. ಆದರೆ ನಿಮ್ಮ ಆಫೀಸಿನವರು ಒಂದು ವಿಷಯ ಬಿಟ್ಟಿದ್ದಾರೆ. ನಮ್ಮಲ್ಲಿ ಜಗಳಕ್ಕೆ ದಿನವೂ ಗೊತ್ತಾಗಿರುತ್ತದೆ, ವೇಳೆಯೂ ಗೊತ್ತಾಗಿರುತ್ತದೆ. ನಳ ಬರುವ ದಿನ, ನಳ ಬರುವ ವೇಳೆ. ನಲ್ಲಿಗೆ ನಾವು ನಳ ಅನ್ನುತ್ತೇವೆ. ಬೆಳಿಗ್ಗೆ ಯಾರಾದರೂ 'ನಳ ಬಂದಾವ್ರೀ' ಅಂತ ಕೂಗಿದರೆ ನಳಮಹಾರಾಜ ಬಂದ ಅಂತ ತಿಳಿಯಬೇಡಿ, ಕೊಡ ಹಿಡಿದುಕೊಂಡು ಓಡಿ.

ನಾನು ಈ ಊರಿಗೆ ಬಂದು ಹತ್ತೊಂಬತ್ತು ವರ್ಷ. ತವರು ಚಿಂಚೋಳಿ ತಾಲೂಕಿನ ಒಂದು ಹಳ್ಳಿ. ನಮ್ಮ ಮನೆಯವರು ದಾಲ್ ಮಿಲ್ಲಿನಲ್ಲಿ ಲೆಕ್ಕ ಬರೆಯುತ್ತಾರೆ, ನಾನು ಮನೆಯಲ್ಲೇ ಬ್ಲೌಸ್ ಹೊಲಿಯುತ್ತೇನೆ. ಮೆಷಿನ್ ಇಟ್ಟಿರುವುದು ಬೀದಿ ಕಡೆಯ ಕಿಟಕಿಯ ಹತ್ತಿರ. ಹಾಗಾಗಿ ಓಣಿಯ ಸುದ್ದಿ ನಾನು ಕೇಳದಿದ್ದರೂ ಅಳತೆ ಕೊಡಲು ಬಂದವರ ಜೊತೆ ಅದೂ ಒಳಗೆ ಬರುತ್ತದೆ. ಸೇಡಂ ರಸ್ತೆ ಕಡೆಯ ಬಡಾವಣೆ, ಹದಿನಾಲ್ಕು ಮನೆಗಳ ಓಣಿ. ನಮ್ಮದು ಆರನೆಯದು. ಈ ಆರು ಅನ್ನುವ ಲೆಕ್ಕ ಆಮೇಲೆ ಬೇಕಾಗುತ್ತದೆ, ನೆನಪಿರಲಿ.

ಊರಿಗೆ ನೀರು ಬರುವುದು ಭೀಮಾ ನದಿಯ ಸರಡಗಿ ಬ್ಯಾರೇಜಿನಿಂದ, ಜೊತೆಗೆ ಬೆಣ್ಣೆತೊರೆ ಜಲಾಶಯದಿಂದ. ಭೀಮಾ ಮಹಾರಾಷ್ಟ್ರದಿಂದ ಇಳಿದು ಬರುವ ಹೊಳೆ. ಮಳೆಗಾಲದಲ್ಲಿ ಸೋಲಾಪುರ ಜಿಲ್ಲೆಯ ಉಜನಿ ಅಣೆಕಟ್ಟು ತುಂಬಿ ನೀರು ಬಿಟ್ಟರೆ ನಮ್ಮ ದಂಡೆಯ ಹಳ್ಳಿಗಳಿಗೆ ಹೆದರಿಕೆ. ಬೇಸಿಗೆ ಬಂದರೆ ಅದೇ ಉಜನಿಯಿಂದ ಸ್ವಲ್ಪ ಬಿಡಿಸಿ ಅಂತ ಬೇಡಿಕೆ. ಊರೊಳಗೂ ಎಲ್ಲರದೂ ಒಂದೇ ಹಣೆಬರಹ ಅಲ್ಲ. ಹದಿನೈದು ವರ್ಷಕ್ಕೂ ಹಿಂದೆ ವಿಶ್ವಬ್ಯಾಂಕ್ ನೆರವಿನ ಯೋಜನೆಯಲ್ಲಿ ಹುಬ್ಬಳ್ಳಿ-ಧಾರವಾಡ, ಬೆಳಗಾವಿ ಜೊತೆ ನಮ್ಮೂರಿನ ಕೆಲವು ವಾರ್ಡುಗಳಿಗೂ ದಿನದ 24 ತಾಸು ನೀರು ಕೊಟ್ಟರು. ಒಂದು ರಸ್ತೆ ದಾಟಿದರೆ ಇಡೀ ದಿನ ನೀರು, ಈ ಕಡೆ ಖಾಲಿ ಕೊಡಗಳ ಸಾಲು. ಅಕ್ಕ-ತಂಗಿ ಇಬ್ಬರನ್ನೂ ಒಂದೇ ಊರಿಗೆ ಕೊಟ್ಟು, ಒಬ್ಬಳ ಮನೆಯಲ್ಲಿ ಮಾತ್ರ ನೀರಿದ್ದರೆ ಹೇಗಿರುತ್ತದೆ, ಹಾಗೆ. ನಮ್ಮ ಓಣಿಯಲ್ಲಿ ಈಗಲೂ ನಾಲ್ಕು ದಿನಕ್ಕೊಮ್ಮೆ. ಬೇಸಿಗೆಯಲ್ಲಿ ಏಳಾಗುತ್ತದೆ, ಒಂಬತ್ತಾಗಿದ್ದೂ ಇದೆ. ಬಂದರೆ ಒಂದೂವರೆ ತಾಸು.

ಈಗ ನಮ್ಮ ಓಣಿಯ ದೊಡ್ಡ ಜಗಳದ ಕಥೆ. ಇದರಲ್ಲಿ ನಾನೂ ಕಳ್ಳಿ. ಅದಕ್ಕೇ ಸ್ವಲ್ಪ ಉದ್ದ ಹೇಳುತ್ತೇನೆ.

ಪೈಪಿನಲ್ಲಿ ನೀರಿನ ಜೋರು ಮೊದಲ ಮನೆಗೆ ಜಾಸ್ತಿ, ಕೊನೆಯ ಮನೆಗೆ ಕಡಿಮೆ. ಅದು ಎಲ್ಲ ಊರಲ್ಲೂ ಇರುವುದೇ. ನಮ್ಮಲ್ಲಿ ಮೂರನೇ ಮನೆಯವರು ಒಂದು ದಿನ ನಳಕ್ಕೇ ಅರ್ಧ ಎಚ್‌ಪಿ ಮೋಟರ್ ಹಚ್ಚಿದರು. ಸಂಪಿನಿಂದ ಮೇಲಿನ ಟ್ಯಾಂಕಿಗೆ ನೀರು ಏರಿಸುವ ಮೋಟರ್ ಬೇರೆ, ಅದು ಎಲ್ಲರ ಮನೆಯಲ್ಲೂ ಇರುತ್ತದೆ. ಇದು ಬೀದಿಯ ಪೈಪಿನಿಂದಲೇ ನೀರು ಎಳೆದುಕೊಳ್ಳುವುದು. ಹಾಗೆ ಮಾಡಬಾರದು, ಸಿಕ್ಕಿಬಿದ್ದರೆ ಮೋಟರ್ ಎತ್ತಿಕೊಂಡು ಹೋಗುತ್ತಾರೆ ಅಂತ ಎಲ್ಲರಿಗೂ ಗೊತ್ತು. ಅವರು ಹಚ್ಚಿದ ವಾರಕ್ಕೆ ನಮ್ಮ ನಳ ಕಿರುಬೆರಳಿನಷ್ಟು ಸಣ್ಣಗಾಯಿತು. ನಾಲ್ಕನೆಯವರು ಹಚ್ಚಿದರು. ಐದನೆಯವರು ಹಚ್ಚಿದರು. ನಮ್ಮ ಮನೆಯವರು ಒಂದು ಭಾನುವಾರ ಸೂಪರ್ ಮಾರ್ಕೆಟ್ ಅನ್ನುವ ಪೇಟೆ ಕಡೆ ಹೋಗಿ ಒಂದು ಎಚ್‌ಪಿಯದನ್ನೇ ಹೊತ್ತು ತಂದರು. 'ತರೋದು ತರ್ತೀವಿ, ಸಣ್ಣದ್ಯಾಕ ತರಬೇಕು' ಅಂದರು.

ಎರಡು ಬೇಸಿಗೆ ನಡೆಸಿದೆವು. ಮೋಟರ್ ಮೇಲೆ ಒಂದು ಬುಟ್ಟಿ ಬೋರಲು ಹಾಕಿ, ಅದರ ಮೇಲೆ ಹಳೆ ಕೌದಿ ಹೊದಿಸುತ್ತಿದ್ದೆ. ಆದರೂ ಗುಂಯ್ ಅನ್ನುವ ಶಬ್ದ ಹೊರಗೆ ಹೋಗುತ್ತಿತ್ತು. ಅದು ಕೇಳಬಾರದು ಅಂತ ಆ ಹೊತ್ತಿಗೇ ಹೊಲಿಗೆ ಮೆಷಿನ್ ತುಳಿಯುತ್ತಾ ಕೂರುತ್ತಿದ್ದೆ. ಬೆಳಗಿನ ಐದು ಗಂಟೆಗೆ ಯಾವ ಬ್ಲೌಸ್ ಅಷ್ಟು ಅರ್ಜೆಂಟ್ ಅಂತ ಯಾರೂ ಕೇಳಲಿಲ್ಲ. ಕೇಳಬೇಕಾದವರ ಮನೆಯಲ್ಲೂ ಕೌದಿಯ ಕೆಳಗೆ ಒಂದಿತ್ತು.

ಹದಿನಾಲ್ಕನೇ ಮನೆ ಒಬ್ಬ ಖಾಲಾ ಅವರದು, ಖಾಲಾ ಅಂದರೆ ಉರ್ದುವಿನಲ್ಲಿ ಚಿಕ್ಕಮ್ಮ. ಎಪ್ಪತ್ತು ದಾಟಿದವರು, ಒಬ್ಬರೇ ಇರುತ್ತಾರೆ. ಮಗ ಹೈದರಾಬಾದಿನಲ್ಲಿ. ಒಂದು ಬೆಳಿಗ್ಗೆ ಎರಡು ಖಾಲಿ ಕೊಡ ಹಿಡಿದುಕೊಂಡು ನಮ್ಮ ಬಾಗಿಲಿಗೆ ಬಂದರು. ಜಗಳಕ್ಕೇ ಬಂದರು ಅಂದುಕೊಂಡು ನಾನು ಮಾತು ಜೋಡಿಸಿಕೊಳ್ಳುತ್ತಿದ್ದೆ. ಅವರು ಕಟ್ಟೆ ಮೇಲೆ ಕೂತು, ಉಸಿರು ಬಿಟ್ಟು, 'ಬೇಟಾ, ನಮ್ಮ ಮನಿಗಿ ನೀರು ಬರಲ್ದ ಹದಿನೆಂಟು ದಿನ ಆಯ್ತು. ಎಲ್ಲೋ ಪೈಪ್ ಒಡದದ ಕಾಣ್ತದ. ನಿಮ್ಮ ಯಜಮಾನರಿಗಿ ಸ್ವಲ್ಪ ನೋಡ್ಲಿಕ್ಕ ಹೇಳವ್ವ' ಅಂದರು. ಅವರು ಇದನ್ನು ಹೇಳುತ್ತಿರುವಾಗ ಹಿಂದೆ ಬಚ್ಚಲ ಹತ್ತಿರ ನಮ್ಮ ಮೋಟರ್ ಗುಂಯ್ ಅನ್ನುತ್ತಿತ್ತು. ಅವರಿಗೆ ಕೇಳಿಸಲಿಲ್ಲವೋ, ಕೇಳಿಸಿಯೂ ಹಾಗೆ ಹೇಳಿದರೋ, ಇವತ್ತಿಗೂ ನನಗೆ ತಿಳಿದಿಲ್ಲ. ಬೈದಿದ್ದರೆ ತಿರುಗಿ ಬೈಯುತ್ತಿದ್ದೆ. ಸುಮ್ನೆ ಎರಡೂ ಕೊಡ ತುಂಬಿ, ನಾನೇ ಹೊತ್ತುಕೊಂಡು ಹೋಗಿ ಇಟ್ಟು ಬಂದೆ.

ಅದೇ ತಿಂಗಳು ನಳದಲ್ಲಿ ಕಪ್ಪು ನೀರು ಬಂತು. ವಾಸನೆ. ಎರಡು ಮನೆಯ ಮಕ್ಕಳಿಗೆ ವಾಂತಿ-ಭೇದಿ ಹತ್ತಿ ದವಾಖಾನೆಗೆ ಒಯ್ದರು. ಎಲ್ಲರೂ ಸೇರಿ ವಾಲ್‌ಮನ್‌ನನ್ನು ಹಿಡಿದುಕೊಂಡೆವು. ನೀರು ಬಿಡುವವನು ಅವನೇ ತಾನೆ, ಬೈಸಿಕೊಳ್ಳುವವನೂ ಅವನೇ. ಉದ್ದನೆಯ ಕಬ್ಬಿಣದ ಚಾವಿ ಹೆಗಲ ಮೇಲಿಟ್ಟುಕೊಂಡು ನಿಂತೇ ಕೇಳಿಸಿಕೊಂಡ. ಆಮೇಲೆ ನಾಲಿಯ ಒಳಗಿಂದ ಹಾದುಹೋದ ನಮ್ಮ ಪೈಪುಗಳನ್ನು ಒಂದೊಂದಾಗಿ ತೋರಿಸಿದ. ಚರಂಡಿಗೆ ಇಲ್ಲಿ ನಾಲಿ ಅನ್ನುವುದು. ನೀರು ಒಳಗಿನಿಂದ ಒತ್ತಿಕೊಂಡು ಬರುತ್ತಿದ್ದರೆ ಪೈಪಿನಲ್ಲಿ ಸಣ್ಣ ಬಿರುಕಿದ್ದರೂ ನೀರು ಹೊರಗೆ ಜಿನುಗುತ್ತದೆ, ಹೊರಗಿನ ಕೊಳೆ ಒಳಗೆ ಬರುವುದಿಲ್ಲ. ಹತ್ತು ಮೋಟರ್ ಸೇರಿ ಎಳೆದರೆ ಪೈಪು ಬರಿದಾಗಿ ಹೀರಲು ಶುರು ಮಾಡುತ್ತದೆ. ಆಗ ಅದೇ ಬಿರುಕಿನಿಂದ ನಾಲಿಯ ನೀರು ಒಳಗೆ. ನಾವು ಸ್ಟ್ರಾ ಹಾಕಿ ಕುಡಿದಂತೆ. 'ರೊಕ್ಕ ಕೊಟ್ಟು ಮೋಟರ್ ತಂದು ನಾಲಿ ನೀರು ಕುಡಿಲತ್ತೀರಿ ಅಕ್ಕೋರೆ' ಅಂದು ಚಾವಿ ಎತ್ತಿಕೊಂಡು ಹೋದ.

ಆ ಸಂಜೆ ಬೇವಿನ ಗಿಡದ ಕೆಳಗೆ ಪಂಚಾಯ್ತಿ. ಮೊದಲ ಒಂದು ತಾಸು ಮೊದಲು ಮೋಟರ್ ಹಚ್ಚಿದವರು ಯಾರು ಅನ್ನುವುದಕ್ಕೇ ಹೋಯಿತು. ಮೂರನೇ ಮನೆಯ ಕಾಕಾ ಒಪ್ಪಲೇ ಇಲ್ಲ. 'ನಾ ಟ್ಯಾಕ್ಸ್ ಕಟ್ತೀನಿ, ನಮ್ಮ ಮನ್ಯಾಗ ಹನ್ನೊಂದು ಮಂದಿ ಅದೀವಿ' ಅಂದರು. ಅವರ ಮಾತು ಪೂರ್ತಿ ತಪ್ಪು ಅಂತ ಆಗಲೂ ಅನ್ನಿಸಲಿಲ್ಲ, ಈಗಲೂ ಅನ್ನಿಸುವುದಿಲ್ಲ. ಇಬ್ಬರೇ ಇರುವ ಮನೆಗೂ ಹನ್ನೊಂದು ಮಂದಿಯ ಮನೆಗೂ ಒಂದೇ ಪೈಪು, ಒಂದೇ ವೇಳೆ. ನೀರನ್ನು ಮನೆ ಲೆಕ್ಕದಲ್ಲಿ ಹಂಚಬೇಕೋ ತಲೆ ಲೆಕ್ಕದಲ್ಲೋ? ನಮ್ಮ ಮನೆಯಲ್ಲೇ ಇದು ತೀರಿಲ್ಲ. ನಾನು ಮನೆ ಲೆಕ್ಕ ಅನ್ನುತ್ತೇನೆ, ನಮ್ಮ ಮನೆಯವರು ತಲೆ ಲೆಕ್ಕ ಅನ್ನುತ್ತಾರೆ. ನಾವು ನಾಲ್ಕೇ ಜನ, ಆದರೂ ಹಾಗೆ ಅನ್ನುತ್ತಾರೆ. ಅವರು ಹುಟ್ಟಿದ್ದು ದೊಡ್ಡ ಕುಟುಂಬದಲ್ಲಿ.

ಕೊನೆಗೆ ಆದದ್ದು ಇಷ್ಟು. ಎಲ್ಲರೂ ಒಂದೇ ದಿನ ಮೋಟರ್ ಬಿಚ್ಚಬೇಕು. ಮೊದಲ ಏಳು ಮನೆಯವರು ನಲವತ್ತು ನಿಮಿಷ ತುಂಬಿಕೊಂಡು ನಳ ಬಂದ್ ಮಾಡಬೇಕು, ಆಮೇಲೆ ಹಿಂದಿನ ಏಳು ಮನೆ. ಕಾಕಾನ ಮನೆಗೆ ಹತ್ತು ನಿಮಿಷ ಜಾಸ್ತಿ. ನಾನು ಏಳರ ಒಳಗೆ ಬಂದೆ. ಎಂಟನೇ ಮನೆಯವರು ಇನ್ನೂ ನನ್ನ ಗಡಿಯಾರವನ್ನು ನಂಬುವುದಿಲ್ಲ. ನಮ್ಮ ಒಂದು ಎಚ್‌ಪಿ ಈಗ ಊರಲ್ಲಿ ತಮ್ಮನ ಹೊಲದ ತೊಟ್ಟಿಯ ಹತ್ತಿರ ಮರ್ಯಾದೆಯಿಂದ ದುಡಿಯುತ್ತಿದೆ. ಪೈಪುಗಳನ್ನು ನಾಲಿಯಿಂದ ಹೊರಗೆ ಹಾಕಿಸಿಕೊಡಿ ಅಂತ ಸಂಬಂಧಪಟ್ಟ ಕಚೇರಿಗೆ ಮೂರು ಅರ್ಜಿ ಕೊಟ್ಟೆವು. ಮೂರಕ್ಕೂ ಸೀಲು ಬಿತ್ತು. ಸೀಲು ಚೆನ್ನಾಗಿ ಮೂಡಿದೆ. ಆಮೇಲೆ ನಾವೇ ಮನೆಗಿಷ್ಟು ಅಂತ ಹಾಕಿ ಪ್ಲಂಬರ್‌ನಿಂದ ಮಾಡಿಸಿಕೊಂಡೆವು. ಈಗಲೂ ಮೇ ತಿಂಗಳಲ್ಲಿ ಒಂದು ಮನೆಯಿಂದ ಗುಂಯ್ ಕೇಳಿಸುತ್ತದೆ. ಕೇಳಿದರೆ ಮಿಕ್ಸರ್ ಅನ್ನುತ್ತಾರೆ. ಬೆಳಗಿನ ಐದಕ್ಕೆ ಯಾವ ಚಟ್ನಿ ರುಬ್ಬುತ್ತಾರೋ. ಹೇಳೋಣ ಅಂದರೆ ನನ್ನ ಬ್ಲೌಸು ನೆನಪಾಗುತ್ತದೆ.

ಅದಕ್ಕೇ ಮನೆ ನೋಡಲು ಹೋದಾಗ ಮಾಲೀಕರನ್ನು 'ನೀರು ಇದೆಯಾ' ಅಂತ ಕೇಳಬೇಡಿ. ಇದೆ ಅನ್ನುತ್ತಾರೆ. ಪಕ್ಕದ ಮನೆಯ ಅಕ್ಕನನ್ನು 'ನಳ ಎಷ್ಟು ದಿನಕ್ಕೊಮ್ಮೆ ಬರ್ತಾವ್ರೀ' ಅಂತ ಕೇಳಿ. ಮನೆ ಓಣಿಯ ಎಷ್ಟನೆಯದು ಅಂತ ಎಣಿಸಿ. ಸಂಪು ನಿಮಗೆ ಬೇರೆ ಇದೆಯಾ ಅಥವಾ ಮಾಲೀಕರ ಜೊತೆ ಒಂದೇನಾ ನೋಡಿ. ಒಂದೇ ಆದರೆ ನಿಮ್ಮ ಮನೆಗೆ ನೆಂಟರು ಬಂದಾಗಲೆಲ್ಲ ಅವರ ಮುಖ ನೋಡಬೇಕಾಗುತ್ತದೆ. ಟ್ಯಾಂಕರ್ ಓಣಿಯೊಳಗೆ ತಿರುಗುತ್ತದಾ ಅದನ್ನೂ ನೋಡಿ. ಬೋರ್ ಇದೆ ಅಂದರೆ ಒಂದು ಗ್ಲಾಸು ಕುಡಿದು ನೋಡಿ. ನಮ್ಮ ಕಡೆಯದು ಸುಣ್ಣಕಲ್ಲಿನ ನೆಲ, ಬೋರಿನ ನೀರು ಗಡಸು. ಬೇಳೆ ಬೇಗ ಬೇಯುವುದಿಲ್ಲ. ನಮ್ಮ ತೊಗರಿಗೆ 2019ರಲ್ಲಿ ಜಿಐ ಟ್ಯಾಗ್ (ಭೌಗೋಳಿಕ ಗುರುತು) ಸಿಕ್ಕಿದೆ ಅಂತ ಎಲ್ಲರೂ ಹೆಮ್ಮೆಯಿಂದ ಹೇಳುತ್ತೇವೆ, ಅದನ್ನೇ ಬೋರಿನ ನೀರಿಗೆ ಹಾಕಿ ಐದು ಸೀಟಿ ಕೂಗಿಸುತ್ತೇವೆ.

ಎರಡನೆಯದು ಬಿಸಿಲು. ಮೈಸೂರಿನವರಿಗೆ ಇದನ್ನು ಬಾಯಲ್ಲಿ ಹೇಳಿ ತಿಳಿಸುವುದು ಕಷ್ಟ. ಏಪ್ರಿಲ್, ಮೇನಲ್ಲಿ 42, 43 ಡಿಗ್ರಿ ಅಂದರೆ ಮಾಮೂಲು. ಅದಕ್ಕೇ ಆ ಎರಡು ತಿಂಗಳು ಈ ಭಾಗದ ಸರ್ಕಾರಿ ಕಚೇರಿಗಳು ಬೆಳಿಗ್ಗೆ 8ಕ್ಕೆ ತೆರೆದು ಮಧ್ಯಾಹ್ನ 1.30ಕ್ಕೆ ಮುಚ್ಚುತ್ತವೆ. ಮಧ್ಯಾಹ್ನ ಒಂದರಿಂದ ನಾಲ್ಕರವರೆಗೆ ಯಾರ ಮನೆಯ ಬಾಗಿಲನ್ನೂ ಬಡಿಯಬೇಡಿ. ಎಷ್ಟೇ ಒಳ್ಳೆಯವರಿದ್ದರೂ ಆ ಹೊತ್ತಿನಲ್ಲಿ ಅವರು ಒಳ್ಳೆಯವರಾಗಿರುವುದಿಲ್ಲ.

ಬಿಸಿಲು ಅಂದ ಮೇಲೆ ಕೂಲರ್. ಎಸಿ ಎಲ್ಲರಿಗೂ ಎಟುಕುವುದಿಲ್ಲ. ನಮ್ಮ ಗಾಳಿ ಒಣಗಾಳಿ, ಅದಕ್ಕೆ ಹುಲ್ಲಿನ ಕೂಲರ್ ಚೆನ್ನಾಗಿ ಕೆಲಸ ಮಾಡುತ್ತದೆ. ಆದರೆ ಅದು ಎಮ್ಮೆ ಕುಡಿದಂತೆ ನೀರು ಕುಡಿಯುತ್ತದೆ. ನಳ ಒಂಬತ್ತು ದಿನಕ್ಕೆ ಹೋಗುವ ತಿಂಗಳಲ್ಲೇ ಕೂಲರ್‌ಗೂ ನೀರು ಬೇಕು, ಲೆಕ್ಕ ನೀವೇ ಹಾಕಿ. ಕೂಲರ್ ಇಡುವುದು ಕಿಟಕಿಯ ಹೊರಗೆ. ನಿಮ್ಮ ಕಿಟಕಿಯ ಹೊರಗು ಅಂದರೆ ಪಕ್ಕದವರ ಸಂದಿ. ಅದರ ನೀರು ತೊಟ್ಟಿಕ್ಕುವುದು ಅವರ ಗೋಡೆಗೆ, ಅದರ ಗದ್ದಲ ಅವರ ಮಲಗುವ ಕೋಣೆಗೆ. ನಮಗೂ ಐದನೆಯವರಿಗೂ ಒಂದು ವರ್ಷ ಮಾತಿರಲಿಲ್ಲ, ಬರೀ ಒಂದು ಕೂಲರಿನ ಹನಿಗೆ. ಕೊನೆಗೆ ಕೆಳಗೆ ಒಂದು ಬಕೆಟ್ ಇಟ್ಟೆವು. ಆ ಬಕೆಟ್ಟಿನ ನೀರನ್ನು ಅವರ ತುಳಸಿಗೆ ಹಾಕಿಕೊಳ್ಳುತ್ತಾರೆ. ಇದು ಮೊದಲೇ ಯಾಕೆ ಹೊಳೆಯಲಿಲ್ಲ ಅಂತ ಕೇಳಬೇಡಿ, ಬಿಸಿಲಲ್ಲಿ ತಲೆ ಓಡುವುದಿಲ್ಲ. ಮೇಲಿನ ಮಹಡಿಯ ಮನೆ ಬಾಡಿಗೆ ಕಡಿಮೆ ಅಂತ ತೋರಿಸುತ್ತಾರೆ. ಹಿಡಿಯಬೇಡಿ. ಸ್ಲ್ಯಾಬು ರಾತ್ರಿ ಹನ್ನೆರಡರವರೆಗೂ ಕಾದಿರುತ್ತದೆ. ನೆಲಕ್ಕೆ ಶಹಾಬಾದ್ ಫರ್ಸಿ ಕಲ್ಲು ಹಾಸಿದ ಹಳೆಯ ಕೆಳಮನೆ ಸಿಕ್ಕರೆ ನೋಡಲು ಚಂದ ಇಲ್ಲದಿದ್ದರೂ ಹಿಡಿದುಬಿಡಿ. ಕರೆಂಟ್ ಹೋದರೆ 1912ಕ್ಕೆ ಫೋನ್ ಮಾಡಿ, ಆಮೇಲೆ ಮಾಳಿಗೆ ಹತ್ತಿ. ಬೇಸಿಗೆಯ ರಾತ್ರಿ ಅರ್ಧ ಓಣಿ ಮಾಳಿಗೆ ಮೇಲೇ ಇರುತ್ತದೆ. ಹಗಲು ಜಗಳ ಆಡಿದವರು ಅಲ್ಲಿ ಗೋಡೆಯ ಆಚೆಯಿಂದ 'ಸೆಕಿ ಭಾಳ ಅದ ಅಲ್ರೀ' ಅಂತ ಮಾತಾಡಿಸುತ್ತಾರೆ. ನೀವೂ ಹ್ಞೂಂ ಅನ್ನಬೇಕು.

ಕಚರಾ, ಅಂದರೆ ಕಸದ ಜಗಳ ಎಲ್ಲ ಊರಿನದೂ ಒಂದೇ, ಜಾಸ್ತಿ ಹೇಳುವುದಿಲ್ಲ. ಗಾಡಿ ಬೆಳಿಗ್ಗೆ ಬರುತ್ತದೆ, ತಪ್ಪಿಸಿಕೊಂಡವರು ಖಾಲಿ ಪ್ಲಾಟಿಗೆ ಎಸೆಯುತ್ತಾರೆ. ಪ್ಲಾಟಿನ ಮಾಲೀಕರು ಪುಣೆಯಲ್ಲೋ ಹೈದರಾಬಾದಿನಲ್ಲೋ ಇರುತ್ತಾರೆ, ಹಂದಿಗಳು ಇಲ್ಲಿರುತ್ತವೆ. ಖಾಲಿ ಪ್ಲಾಟಿನ ಪಕ್ಕದ ಮನೆ ಗಾಳಿ ಬೆಳಕಿಗೆ ಒಳ್ಳೆಯದು ಅಂತ ಏಜೆಂಟ್ ಹೇಳಿದರೆ ನಕ್ಕು ಮುಂದೆ ನಡೆಯಿರಿ.

ಶಾಮಿಯಾನದ ವಿಷಯ ನಿಮಗೆ ಹೊಸದಿರಬಹುದು. ಮದುವೆ, ತೊಟ್ಟಿಲು, ದಿನಕರ್ಮ ಯಾವುದಕ್ಕೂ ರಸ್ತೆಗೆ ಅಡ್ಡ ಶಾಮಿಯಾನ ಹಾಕುತ್ತಾರೆ. ನಿಮ್ಮ ಸ್ಕೂಟರ್ ಒಳಗೇ ಸಿಕ್ಕಿಕೊಳ್ಳುತ್ತದೆ. ಹಿಂದಿನ ದಿನ ಬಂದು ಹೇಳಿಹೋದರೆ ಯಾರೂ ಬೇಡ ಅನ್ನುವುದಿಲ್ಲ. ಹೇಳದೆ ಹಾಕಿದರೆ ಕೂಗಾಟ, ಆಮೇಲೆ ಅದೇ ಮನೆಯಿಂದ ಅನ್ನದ ತಟ್ಟೆ, ಹುಗ್ಗಿ. ನನ್ನ ತಕರಾರು ಶಾಮಿಯಾನದ್ದಲ್ಲ, ಡಿಜೆಯದ್ದು. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಧ್ವನಿವರ್ಧಕ ಹಾಕಬಾರದು ಅಂತ 2000ದ ಶಬ್ದಮಾಲಿನ್ಯ ನಿಯಮವೇ ಇದೆ, ಮನೆಗಳಿರುವ ಕಡೆ ಹಗಲು 55, ರಾತ್ರಿ 45 ಡೆಸಿಬೆಲ್ ಅಂತ ಮಿತಿಯೂ ಇದೆ. ಡಿಜೆ ಬಂದರೆ ನಮ್ಮ ಕಿಟಕಿಯ ಗಾಜು ಅಲ್ಲಾಡುತ್ತದೆ, ಮೆಷಿನ್ನಿನ ಮೇಲಿನ ಗುಂಡುಸೂಜಿಗಳು ತಾವೇ ಸರಿಯುತ್ತವೆ. ಯಾವ ಧರ್ಮದ ಮೆರವಣಿಗೆ ಅಂತ ಸೂಜಿಗೆ ಗೊತ್ತಾಗುವುದಿಲ್ಲ. 112ಕ್ಕೆ ಫೋನ್ ಮಾಡಿದರೆ ಬರುತ್ತಾರೆ, ಆದರೆ ಫೋನ್ ಮಾಡಿದ್ದು ಯಾರು ಅಂತ ಓಣಿಯಲ್ಲಿ ಬೆಳಗಾಗುವುದರೊಳಗೆ ಗೊತ್ತಾಗಿರುತ್ತದೆ. ನಾನು ಒಮ್ಮೆ ಮಾಡಿದ್ದೇನೆ. ಆ ಮನೆಯ ನಾಲ್ಕು ಬ್ಲೌಸು ಬೇರೆ ಟೇಲರ್‌ಗೆ ಹೋದವು.

ಹೊರಗಿನವರು ಅಂತ ನೋಡುತ್ತಾರಾ ಅಂತ ನೀವು ನೇರವಾಗಿ ಕೇಳಿಲ್ಲ, ಆದರೆ ಪ್ರಶ್ನೆಯ ಹಿಂದೆ ಅದು ಇದೆ ಅನ್ನಿಸಿತು. ದಾವಣಗೆರೆ ದಾಟಿದ ಮೇಲೆ ನಮಗೆ ಎಲ್ಲವೂ 'ಬೆಂಗಳೂರು ಕಡಿ'. ಮೈಸೂರು ಅಂತ ನೀವು ಎಷ್ಟು ಸಲ ಹೇಳಿದರೂ ನೀವು ಬೆಂಗಳೂರು ಕಡೆಯವರೇ. 1948ರವರೆಗೆ ನಿಜಾಮರ ಕೈಯಲ್ಲಿದ್ದ ಸೀಮೆ ಇದು. ಮಾತಿನಲ್ಲಿ ಉರ್ದು ಬೆರೆತಿದೆ, ದವಾಖಾನೆ, ಕಚರಾ ಎಲ್ಲ ಹಾಗೆ ಬಂದದ್ದು. ಹೆಸರು 2014ರಲ್ಲಿ ಕಲಬುರಗಿ ಆಯಿತು, ನಮ್ಮತ್ತೆಗೆ ಇನ್ನೂ ಗುಲ್ಬರ್ಗಾ. ಚಹಾದಂಗಡಿಯಲ್ಲಿ ಸಂವಿಧಾನದ 371(ಜೆ) ವಿಧಿಯ ಮಾತು ಬಂದರೆ ಸುಮ್ನೆ ಕೇಳಿಸಿಕೊಳ್ಳಿ. ನೌಕರಿ, ಕಾಲೇಜು ಸೀಟಿನಲ್ಲಿ ಈ ಭಾಗದವರಿಗೆ ಮೀಸಲು ಸಿಕ್ಕಿದ್ದು ಅದರಿಂದ. ನಿಮ್ಮ ಮೇಲಿನ ಸಿಟ್ಟಲ್ಲ ಅದು, ತಡವಾಗಿ ಸಿಕ್ಕಿತು ಅನ್ನುವ ಸಿಟ್ಟು. ಇನ್ನೊಂದು, ನಮ್ಮ ದನಿ ದೊಡ್ಡದು. 'ಯಾಕ್ರೀ, ಚಹಾ ಕುಡಿಯಲ್ದ ಹ್ಯಾಂಗ್ ಹೋಗ್ತೀರಿ' ಅಂತ ಕರೆದರೆ ಹೊಸಬರಿಗೆ ಬೈದಂತೆ ಕೇಳಿಸುತ್ತದೆ. ನಮ್ಮ ಓಣಿಗೆ ಬಂದಿದ್ದ ಹಾಸನದ ಟೀಚರೊಬ್ಬರು ಮೊದಲ ವಾರ ಅತ್ತುಬಿಟ್ಟಿದ್ದರು. ಅವರನ್ನು ಕರೆದಿದ್ದು ಊಟಕ್ಕೆ.

ಬರುವುದಾದರೆ ಶರಣಬಸವೇಶ್ವರ ಜಾತ್ರೆ ಮುಗಿಸಿಕೊಂಡು ಬನ್ನಿ ಅಂತ ಹೇಳುತ್ತಿದ್ದೆ, ಆದರೆ ಹೋಳಿ ಹುಣ್ಣಿಮೆಯಾಗಿ ಐದನೇ ದಿನಕ್ಕೆ ತೇರು, ಅದಾದ ಮೇಲೆ ಬಂದರೆ ನೇರ ಬಿಸಿಲಿಗೇ ಬಂದಂತೆ. ಜೂನ್ ಕೊನೆಗೆ ಬನ್ನಿ, ರಜೆ ಸಿಕ್ಕರೆ.

ಈಗ ವಾಷಿಂಗ್ ಮೆಷಿನ್. ಮುಂದೆ ಬಾಗಿಲಿರುವ ಫ್ರಂಟ್ ಲೋಡ್ ಆದರೆ ಮೈಸೂರಲ್ಲೇ ಮಾರಿ. ನಳದಲ್ಲಿ ಜೋರಿಲ್ಲದಿದ್ದರೆ ಅದು ನೀರಿಗೆ ಕಾಯುತ್ತಾ ನಿಂತು ಕೀಂಯ್ ಕೀಂಯ್ ಅನ್ನುತ್ತದೆ, ಬಟ್ಟೆ ಒಳಗೆ, ಬಾಗಿಲು ಲಾಕು. ಎರಡು ಟಬ್ಬಿನ ಸೆಮಿ ಆಟೊಮ್ಯಾಟಿಕ್ ಆದರೆ ಕಣ್ಣು ಮುಚ್ಚಿಕೊಂಡು ತನ್ನಿ. ಕೊಡದಿಂದ ಮೇಲೆ ಸುರಿಯಬಹುದು, ಜಾಲಿಸಿದ ನೀರನ್ನು ಬಕೆಟ್ಟಿಗೆ ಹಿಡಿದು ಅಂಗಳಕ್ಕೋ ಪಾಯಖಾನೆಗೋ ಹಾಕಬಹುದು. ಜೊತೆಗೆ ಮುಚ್ಚಳ ಇರುವ ಇನ್ನೂರು ಲೀಟರಿನ ಪ್ಲಾಸ್ಟಿಕ್ ಡ್ರಮ್ಮು ಎರಡು ಲಾರಿಗೆ ಹಾಕಿಕೊಳ್ಳಿ, ಒಳಗೆ ಪಾತ್ರೆ ತುಂಬಿದರೆ ಜಾಗವೂ ಹಾಳಾಗುವುದಿಲ್ಲ. ಇಲ್ಲಿ ಮಾರ್ಚ್ ಬಂತು ಅಂದರೆ ಡ್ರಮ್ಮಿನವನು ಹೇಳಿದ್ದೇ ರೇಟು.